ಕೊಳೆಯದ ಎಲೆಯ ಮಾನ

ತನ್ನ ಕಾಫಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತು ಝೆಫೆರಿನೊ, "ನನ್ನ ಎಲೆ ಸೋಮಾರಿ ಅಂತ ಬೋರ್ಡಿಗೆ ಅಂಟಿಸಿದೀಯಂತೆ?" ಎಂದು ಒಳಗೆ ಬರುತ್ತಿದ್ದ ಅದೋಸಿಂದಾಳನ್ನು ಕೇಳಿದ.

"ಸೋಮಾರಿ ಅಂತ ಎಲ್ಲಿದೆ? ನೂರಕ್ಕೆ ಹನ್ನೆರಡು ಅಂತ ಇದೆ. ಜರುಗು, ಚಳಿ ಬರ್ತಿದೆ."

ಲೂಸಾ ಬೆಟ್ಟದ ಮಡಿಲಿನ ಫ್ರೇಷಾಲ್ ಎಂಬ ಆ ಹಳ್ಳಿಯಲ್ಲಿ ತೊರೆಯ ಕಾವಲು ಅದೋಸಿಂದಾಳ ಕೆಲಸ. ಕೊಯಿಂಬ್ರದ ವಿಶ್ವವಿದ್ಯಾಲಯದಿಂದ ಬಂದ ಡಾಕ್ಟರ್ ಲಿಯೊನಿಲ್ದಾ ಎಂಬ ಹೆಂಗಸು ಆ ನವೆಂಬರಿನಲ್ಲಿ ಎಪ್ಪತ್ತೆಂಟು ಬಲೆಚೀಲಗಳಲ್ಲಿ ಉದುರಿದ ಎಲೆಗಳನ್ನು ತುಂಬಿ, ತೊರೆಯ ಕಲ್ಲುಗಳಿಗೆ ಕಟ್ಟಿ ಹೋಗಿದ್ದಳು. ಒಂದಿಷ್ಟು ಚೀಲದಲ್ಲಿ ದಡದ ಆಲ್ಡರ್ ಮರದ ಎಲೆ, ಇನ್ನೊಂದಿಷ್ಟರಲ್ಲಿ ಊರಿನ ಒಲೆಗಾರಿಯೊ ಎಂಬವನ ತೋಪಿನ ಚೆಸ್ಟ್‌ನಟ್ ಎಲೆ, ಉಳಿದವುಗಳಲ್ಲಿ ಝೆಫೆರಿನೊನ ನೀಲಗಿರಿ ಎಲೆ. ವಾರಕ್ಕೊಮ್ಮೆ ಮೂರು ಚೀಲ ಎತ್ತಿ, ತೊಳೆದು, ಒಣಗಿಸಿ, ತೂಗಿ, ಎಷ್ಟು ಕೊಳೆತು ಕರಗಿದೆ ಎಂದು ಬರೆಯುವುದು ಅದೋಸಿಂದಾಳ ಪಾಲಿಗೆ ಬಂದಿತ್ತು. ಊರವರಿಗೂ ತಿಳಿಯಲಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಆ ಲೆಕ್ಕವನ್ನು ಪಂಚಾಯಿತಿಯ ಬೋರ್ಡಿಗೆ ಹಚ್ಚಿದ್ದಳು. ನಾಲ್ಕನೆಯ ವಾರಕ್ಕೆ ಆಲ್ಡರ್ ಅರ್ಧ ಹೋಗಿತ್ತು. ಚೆಸ್ಟ್‌ನಟ್ ಕಾಲು ಭಾಗ. ನೀಲಗಿರಿ ಹನ್ನೆರಡು.

ಅಷ್ಟು ಸಾಕಾಯಿತು. ರೊಟ್ಟಿಯಂಗಡಿಯಲ್ಲಿ ಹೆಂಗಸರು "ನಮಸ್ಕಾರ" ಎನ್ನುವ ಬದಲು "ಇವತ್ತೆಷ್ಟು ಕೊಳೀತು?" ಎಂದು ಕೇಳತೊಡಗಿದರು. ಒಲೆಗಾರಿಯೊ ದಿನಾ ಕಾಫಿ ಅಂಗಡಿಗೆ ಬಂದು, ಕೆಮ್ಮುತ್ತ ಕೂತು, "ನಮ್ಮ ಎಲೆ ಮರ್ಯಾದಸ್ಥ ಕಣಪ್ಪಾ, ಸತ್ತ ಮೇಲೆ ನಾಲ್ಕು ಜನಕ್ಕೆ ಊಟ ಹಾಕುತ್ತೆ. ಕೆಲವರ ಎಲೆ ಇದಾವೆ, ಸಾಯೋದಕ್ಕೂ ಬರಲ್ಲ" ಎನ್ನುತ್ತಿದ್ದ.

ಝೆಫೆರಿನೊನ ನೀಲಗಿರಿ ತೋಪು ಅವನ ಅಪ್ಪ ನೆಟ್ಟದ್ದು. ಮಾತು ಅಪ್ಪನಿಗೇ ತಾಕಿದಂತಾಯಿತು ಅವನಿಗೆ. ಹನ್ನೆರಡು ವರ್ಷದ ಹಿಂದೆ ಅವನನ್ನು ಬಿಟ್ಟುಬಂದ ಹೆಂಡತಿ ಅದೋಸಿಂದಾ. ಈಗ ತೀರ್ಪುಗಾರ್ತಿಯೂ ಅವಳೇ ಆದದ್ದು ಅವನಿಗೆ ಇನ್ನಷ್ಟು ಉರಿ ಹತ್ತಿಸಿತು.

"ಅದ್ಯಾರೇ ಕೊಳೆಸೋರು? ಅವರ ಹೆಸರು ಹೇಳು, ನಾನೇ ಮಾತಾಡ್ತೀನಿ."

"ಕಣ್ಣಿಗೆ ಕಾಣದ ಬೂಷ್ಟು ಕಣಯ್ಯಾ. ನೀರಲ್ಲಿರುತ್ತೆ. ಮೊದಲು ಅದು ಎಲೆಯೊಳಗೆ ನೂಲು ಬಿಟ್ಟು ಮೆತ್ತಗೆ ಮಾಡ್ಬೇಕು. ಆಮೇಲೇ ಹುಳ ಬಾಯಿ ಹಾಕೋದು, ಆಮೇಲೆ ಮೀನು."

"ನನ್ನ ಮೇಲೆ ಅವಕ್ಕೆ ಏನು ಸಿಟ್ಟು?"

ಮರುದಿನ ಅವನು ತನ್ನ ಚೀಲಗಳ ಮೇಲುಗಡೆ ಒಂದು ಲೋಟ ಕೆಂಪು ವೈನ್ ಸುರಿದ. ಮೂರನೆಯ ದಿನ, ನೀರು ತಣ್ಣಗಿದೆ, ಬೂಷ್ಟಿಗೆ ಚಳಿಯಾಗುತ್ತದೆ ಎಂದು ಚೀಲಗಳಿಗೆ ಉಣ್ಣೆಯ ಶಾಲು ಹೊದಿಸಿದ. ತೊರೆ ಅದನ್ನು ಮುಂದಿನ ಊರಿಗೆ ಒಯ್ದಿತು. ಭಾನುವಾರ ಪಾದ್ರಿಯ ಬಳಿ ಹೋಗಿ ಎಲೆಗಳಿಗೆ ಒಂದು ಪೂಜೆ ಮಾಡಿಕೊಡಿ ಎಂದ. ಪೂಜೆ ಇರುವುದು ಬದುಕಿದವರಿಗೆ, ಇಲ್ಲವೇ ಸತ್ತವರಿಗೆ ಎಂದರು ಪಾದ್ರಿ. "ಎಲೆ ಸತ್ತೇ ಇದೆಯಲ್ಲ ಫಾದರ್?" ಎಂದ ಝೆಫೆರಿನೊ. ಪಾದ್ರಿ ಬಿಷಪ್ಪರಿಗೆ ಕಾಗದ ಬರೆದರು. ಮರು ಓಲೆ ಇನ್ನೂ ಬಂದಿಲ್ಲ.

ಏಳನೆಯ ವಾರ ಅದೋಸಿಂದಾ ನೀಲಗಿರಿಯ ಚೀಲ ಎತ್ತಿ ತೂಗಿದಳು. ನೂರಕ್ಕೆ ನಲವತ್ತೊಂದು ಕರಗಿತ್ತು. ತಕ್ಕಡಿ ಕೆಟ್ಟಿತೇನೋ ಎಂದು ತೂಕ ಗೊತ್ತಿದ್ದ ತನ್ನ ಮದುವೆಯ ಉಂಗುರ ಇಟ್ಟು ನೋಡಿದಳು, ತಕ್ಕಡಿ ಸರಿಯಾಗಿಯೇ ಇತ್ತು. ಎಲೆಯನ್ನು ಮೂಗಿಗೆ ಹಿಡಿದಳು. ನೀಲಗಿರಿಯ ವಾಸನೆಯೇ ಇಲ್ಲ.

ಆ ವಾಸನೆ ಕಾಫಿ ಅಂಗಡಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಶೀತಕ್ಕೆ ತಲೆಯ ಮೇಲೆ ಬಟ್ಟೆ ಹಾಕಿಕೊಂಡು ಹಬೆ ತೆಗೆದುಕೊಂಡಂತೆ. ಕಾಫಿ ಗುಟುಕರಿಸಿದಳು. ಮೂಗಿನಿಂದ ನೆತ್ತಿಯವರೆಗೆ ದಾರಿ ಬಿಟ್ಟುಕೊಂಡಿತು. ಪಕ್ಕದ ಮೇಜಿನಲ್ಲಿ ಕೂತಿದ್ದ ಒಲೆಗಾರಿಯೊ ಒಂದು ಸಲವೂ ಕೆಮ್ಮಲಿಲ್ಲ.

"ಝೆಫೆರಿನೊ, ಎಲೆ ಬೇಯಿಸಿದೀಯ."

ಅವನು ಲೋಟ ಒರೆಸುತ್ತಲೇ ಇದ್ದ.

"ಕಾಫಿ ಮಿಷನ್ನಲ್ಲಿ ಬೇಯಿಸಿ, ಮತ್ತೆ ಚೀಲಕ್ಕೆ ತುಂಬಿ, ಅಲ್ಲೇ ಕಟ್ಟಿ ಬಂದಿದೀಯ. ಹೌದೋ ಅಲ್ವೋ?"

"ಹಾಲು ಕಾಯಿಸೋ ಹಬೆ ಕೊಳವೆಯಲ್ಲಿ," ಎಂದ ಝೆಫೆರಿನೊ ಮೆಲ್ಲಗೆ. "ಮೂರು ಚೀಲ ಮಾತ್ರ. ಅದೋ, ನಮ್ಮಪ್ಪನ ಮರ ಕಣೇ. ಕೊಳೆಯೋದಕ್ಕೂ ಲಾಯಕ್ಕಿಲ್ಲ ಅಂತ ಊರು ನಗ್ತಿದ್ರೆ ನಾನು ಹೇಗೆ ಸುಮ್ನಿರ್ಲಿ?"

"ಕಳ್ಳ!" ಎಂದು ಒಲೆಗಾರಿಯೊ ಮೇಜು ಗುದ್ದಿದ. ಕೆಮ್ಮಿಲ್ಲದ ದನಿ ಬಹಳ ಜೋರಾಗಿ ಬಂದು ಅವನಿಗೇ ಗಾಬರಿಯಾಯಿತು.

ಅದೋಸಿಂದಾಳಿಗೆ ಬಯ್ಯಬೇಕು ಎನ್ನಿಸಿತು. ಆದರೆ ಅಪ್ಪನ ಮರ ಎಂದಾಗ ಅವನು ಒರೆಸುತ್ತಿದ್ದ ಲೋಟ ಕೆಳಗಿಟ್ಟದ್ದನ್ನು ಅವಳು ನೋಡಿದ್ದಳು. ಮುಚ್ಚಿಡುವ ಮನಸ್ಸೂ ಒಂದು ಗಳಿಗೆ ಬಂತು. ಆದರೂ ತೂಕ ತೂಕವೇ. ಅಂಗಡಿಯ ಫೋನಿನಿಂದಲೇ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದಳು. ಝೆಫೆರಿನೊ ತಲೆ ತಗ್ಗಿಸಿ ಕೇಳಿಸಿಕೊಂಡ.

ಶನಿವಾರ ಲಿಯೊನಿಲ್ದಾ ಬಂದಳು. ಝೆಫೆರಿನೊ ಹಳೆಯ ಕೋಟು ತೊಟ್ಟು, ಪೊಲೀಸರು ಬಂದರೂ ಬರಲಿ ಎಂದು ಸಿದ್ಧನಾಗಿ ನಿಂತಿದ್ದ.

"ಎಷ್ಟು ಹೊತ್ತು ಬೇಯಿಸಿದ್ರಿ?" ಎಂದಳು ಅವಳು, ಪುಸ್ತಕ ಬಿಚ್ಚಿ.

"ಎರಡು ಕಾಫಿ ಮಾಡೋವಷ್ಟು."

"ಹಾಲು ಹಾಕಿದ್ದೋ, ಬರೀದೋ?"

"ಬರೀದು."

ಅವಳು ಗಂಭೀರವಾಗಿ ಬರೆದುಕೊಂಡಳು. ಆಮೇಲೆ ತೊರೆಯ ನೊರೆಯನ್ನು ಒಂದು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕವನ್ನು ಕಾಫಿ ಯಂತ್ರದ ಪಕ್ಕದಲ್ಲೇ ಇಟ್ಟು, ನೋಡಿ ಎಂದಳು. ಝೆಫೆರಿನೊ ಕಣ್ಣಿಟ್ಟ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇವರೇನಾ?"

"ಇವರೇ. ಬೂಷ್ಟಿನ ಬೀಜಗಳು. ನೀರಲ್ಲಿ ಹೋಗ್ತಾ ಎಲೆಗೆ ತಗಲಿ ನಿಲ್ಲೋದಕ್ಕೇ ಹಾಗೆ ಕೈ ಚಾಚಿರೋದು."

"ಒಬ್ಬೊಬ್ಬರಿಗೆ ನಾಲ್ಕು ಕೈ." ಅವನು ಟೊಪ್ಪಿ ತೆಗೆದ. "ಮತ್ತೆ ನನ್ನ ಎಲೆಗೆ ಯಾಕೆ ಕೈ ಹಾಕ್ಲಿಲ್ಲ?"

"ನಿಮ್ಮ ಎಲೆಯಲ್ಲಿ ಎಣ್ಣೆ ಇದೆ, ಮೇಲೆ ಮೇಣ ಇದೆ. ಅವಕ್ಕೆ ತಡ ಆಗುತ್ತೆ, ಅಷ್ಟೇ. ನೀವು ಎಣ್ಣೆ ಇಳಿಸಿಬಿಟ್ರಿ."

"ಸಿಟ್ಟೇನೂ ಇಲ್ಲ ಅನ್ನಿ?"

"ನಿಮ್ಮ ಪರಿಚಯವೇ ಇಲ್ಲ ಅವಕ್ಕೆ."

ಈ ಮಾತು ಝೆಫೆರಿನೊಗೆ ಸಮಾಧಾನವನ್ನೂ ಸ್ವಲ್ಪ ಬೇಸರವನ್ನೂ ಕೊಟ್ಟಿತು.

ಬೇಯಿಸಿದ ಎಲೆಗಳ ಮೇಲೆ ಬೇರೆಯೇ ಪರೀಕ್ಷೆ ಮಾಡೋಣ ಎಂದ ಲಿಯೊನಿಲ್ದಾ, ಹೊಸದಾಗಿ ನಲವತ್ತು ಚೀಲ ಬೇಯಿಸಿಕೊಡಬೇಕೆಂದಳು, ಚೆಸ್ಟ್‌ನಟ್ ಎಲೆಯನ್ನೂ ಸೇರಿಸಿ. ಒಲೆಗಾರಿಯೊನ ಎಲೆಗೆ ತನ್ನ ಮಿಷನ್ ಮುಟ್ಟಗೊಡುವುದಿಲ್ಲ ಎಂದು ಝೆಫೆರಿನೊ ಎರಡು ದಿನ ಹಟ ಹಿಡಿದ. ಇದು ವಿಜ್ಞಾನ ಎಂದು ಅವಳು ಹೇಳಿದ ಮೇಲೆ ಮಣಿದ. ಹೊಸ ಚೀಲಗಳು ಹಳೆಯವುಗಳ ಪಕ್ಕದಲ್ಲೇ ನೀರಿಗಿಳಿದವು. ಸುತ್ತಲಿನ ಹಳ್ಳಿಗಳಿಂದ ಕೆಮ್ಮಿನವರು ಆ ಕಾಫಿಗಾಗಿ ಸಾಲುಗಟ್ಟಿದರು. "ಇದು ಔಷಧಿ ಅಂಗಡಿ ಅಲ್ರೀ, ಕೊಳೆಯೋದರ ಬಗ್ಗೆ ಮಾತಾಡೋದಿದ್ರೆ ಕೂತ್ಕೊಳ್ಳಿ!" ಎಂದು ಅವನು ಕೂಗಾಡಿದ. ಜನ ಹಬೆಯನ್ನು ಮೂಗಿಗೆಳೆದು, ಕುಡಿದು ಹೋದರು. ಯಂತ್ರದ ಕೊಳವೆಗಳು ಎಣ್ಣೆ, ಮೇಣ ಕಟ್ಟಿಕೊಂಡು ಫೆಬ್ರವರಿಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಉಸಿರು ಬಿಟ್ಟವು.

ಮೇ ತಿಂಗಳಲ್ಲಿ ಅದೋಸಿಂದಾ ಬೇಯಿಸದೆ ಬಿಟ್ಟಿದ್ದ ಹಳೆಯ ನೀಲಗಿರಿಯ ಕೊನೆಯ ಚೀಲವನ್ನು ಎತ್ತಿದಳು. ಒಳಗೆ ನಾಲ್ಕು ನರ ಮತ್ತು ಒಂದು ಚಮಚ ಕಂದು ಮಸಿ. ಬೂಷ್ಟು ತಡವಾಗಿ ಬಂದು, ತನ್ನ ಪಾಡಿಗೆ ಕೆಲಸ ಮುಗಿಸಿ ಹೋಗಿತ್ತು. ಅವಳು ಚೀಲವನ್ನು ಹಾಗೇ ಹಿಡಿದು, ಬೂಟಿನಿಂದ ನೀರು ಸುರಿಸುತ್ತ ಅಂಗಡಿಗೆ ಬಂದಳು.

"ತೂಗದೇ ಹೇಳ್ತೀನಿ, ನೂರಕ್ಕೆ ತೊಂಬತ್ತು," ಎಂದಳು. "ಬೇಯಿಸಿದ್ದಲ್ಲ. ಹಸೀದು. ನಿಮ್ಮಪ್ಪನ ಎಲೆ ತಾನಾಗೇ ಕೊಳೀತು ಝೆಫೆರಿನೊ."

ಅವನು ಚೀಲವನ್ನು ನೋಡಿದ. ಕಣ್ಣು ತುಂಬಿ ಬಂತು. ಆಮೇಲೆ ತಿರುಗಿ, ಮೇಜಿನ ಮೇಲೆ ಬಿಚ್ಚಿ ಹರಡಿದ್ದ ಯಂತ್ರದ ಮೂವತ್ತು ತುಂಡುಗಳನ್ನು ನೋಡಿದ. ಮುಖ ಕೆಂಪೇರಿತು.

"ಹಾಗಾದ್ರೆ ನನ್ನ ಮಿಷನ್ ಹಾಳಾಗಿದ್ದು ಸುಮ್ಸುಮ್ನೇನಾ? ಮೊದಲೇ ಹೇಳೋಕೆ ನಿನಗೇನಾಗಿತ್ತೇ?"

"ಮೊದಲೇ ಕೊಳೆತಿರ್ಲಿಲ್ಲವಲ್ಲಯ್ಯಾ!"

ಅದೋಸಿಂದಾಳಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದು ಕೂತು, ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಅವನು ಗೊಣಗುತ್ತ ಕೈ ಚಾಚಿದಾಗಲೆಲ್ಲ ಒಂದೊಂದನ್ನೇ ಕೊಟ್ಟಳು.