ಕೊನೆಯ ಮುದ್ದೆಯ ಜಠರ

ನಾನು ಒಂದು ಜಠರ. ಮದ್ದೂರು ಕಡೆಯ ಚಿಕ್ಕತಾಯಮ್ಮನ ಎದೆಗೂಡಿನ ಕೆಳಗೆ, ಸ್ವಲ್ಪ ಎಡಕ್ಕೆ ನನ್ನ ವಾಸ. ಹುಟ್ಟಿದಾಗ ನಿಂಬೆಹಣ್ಣಿಗಿಂತ ಚಿಕ್ಕದಾಗಿದ್ದೆ. ನಾಲ್ಕು ಗುಟುಕು ಹಾಲಿಗೇ ತುಳುಕುತ್ತಿದ್ದೆ. ಬಲಕ್ಕೆ ಯಕೃತ್ತು, ನಮ್ಮಲ್ಲೆಲ್ಲ ಅದೇ ದಢೂತಿ. ಕೆಳಗೆ ಸಣ್ಣ ಕರುಳು. ಹೆಸರಿಗೆ ಸಣ್ಣದು, ಬಿಚ್ಚಿದರೆ ನಾಲ್ಕಾಳುದ್ದ.

ಅವಳು ಮದುವೆಯಾಗಿ ಬಂದ ಮನೆಯಲ್ಲಿ ಒಂಬತ್ತು ಬಾಯಿ. ಮೊದಲ ಮುದ್ದೆಗಳು ಗಂಡಸರಿಗೆ, ತೆಂಗಿನಕಾಯಿ ಗಾತ್ರ. ಕಟ್ಟಿದವಳಿಗೆ ಕೊನೆಯದು, ಪಾತ್ರೆ ಕೆರೆದದ್ದು. ಅದು ಮತ್ತೆ ನಿಂಬೆಹಣ್ಣೇ. ನಾನು ಅರ್ಧವೂ ತುಂಬಿರುತ್ತಿರಲಿಲ್ಲ, ಅವಳು ಮಾತ್ರ "ಸಾಕು, ಸಾಕು" ಅನ್ನುತ್ತಿದ್ದಳು. ಗುರುಗುಟ್ಟಿದರೆ ಒಂದು ಚೊಂಬು ನೀರು ಕುಡಿದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ಹೋಯಿತು.

ಆಮೇಲೊಂದು ವರ್ಷ ಊರಿನ ಹಾಲಿನ ಡೇರಿ ಮುಂದೆ ಮುದ್ದೆ ಉಣ್ಣುವ ಸ್ಪರ್ಧೆ ಇಟ್ಟರು. ಬಹುಮಾನ ಟಗರು. ಅವಳ ಮೈದುನ ಬೋರಲಿಂಗ ಎರಡು ದಿನ ಮೊದಲೇ ಊಟ ಬಿಟ್ಟ.

"ಜಾಗ ಮಾಡ್ಕತಾ ಇವ್ನಿ ಕಣತ್ತಿಗೆ."

"ನಾನೂ ಹೆಸ್ರು ಕೊಟ್ಟಿವ್ನಿ."

"ನೀನಾ? ಗುಬ್ಬಚ್ಚಿ ಹಂಗೆ ಉಣ್ಣೋಳು! ಒಂದು ಮುದ್ದೆಗೇ ಮಕಾಡೆ ಮಲಗ್ತೀಯ."

"ನಿನಗಿಂತ ಹೆಚ್ಚು ಉಂಡ್ರೆ, ಇನ್ಮೇಲೆ ಮನೇಲಿ ಮೊದಲ್ನೇ ಮುದ್ದೆ ನನ್ನ ತಟ್ಟೆಗೆ. ಒಪ್ತೀಯಾ?"

"ಹೂಂ, ಹೋಗತ್ಲಾಗೆ!"

ನನ್ನ ಅಳತೆ ನನಗೇ ಗೊತ್ತಿರಲಿಲ್ಲ!

ಸೀಟಿ ಊದಿದರು. ಬಂತು ನೋಡಿ! ಮುದ್ದೆಯನ್ನು ಅಗಿಯುವ ಪದ್ಧತಿ ನಮ್ಮಲ್ಲಿಲ್ಲ, ಹಲ್ಲಿಗೆ ರಜೆ. ಸಾರಿನಲ್ಲಿ ಅದ್ದಿದ ತುತ್ತು ಅನ್ನನಾಳದಲ್ಲಿ ಜಾರಿ ದೊಪ್ಪನೆ ನನ್ನೊಳಗೆ ಬಿತ್ತು. ಒಂದು ಮುಗಿಯಿತು. ಎರಡು. ನನ್ನ ಗೋಡೆಯ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಇಷ್ಟೊಂದು ಜಾಗ ನನ್ನಲ್ಲಿತ್ತೇ! ಇಪ್ಪತ್ತು ವರ್ಷದ ಚೊಂಬು ನೀರು ನನ್ನನ್ನು ಹಿಗ್ಗಿಸಿಟ್ಟಿತ್ತು. ಆಮ್ಲ ಸುರಿದೆ, ಕಲಸಿದೆ, ಹೊರಳಿಸಿದೆ. ಪಿತ್ತಕೋಶ ಹಸಿರು ರಸ ಹಿಡಿದು ಕಾದಿತ್ತು. "ನಿಧಾನಕ್ಕೆ ಬಿಡಯ್ಯ!" ಎಂದು ಸಣ್ಣ ಕರುಳು ಕೂಗಿತು. ಮೂರು!

ಬೋರಲಿಂಗ ಮೂರೂವರೆಗೆ ಬಂದು ನಿಂತುಬಿಟ್ಟ. ಎರಡು ದಿನ ಖಾಲಿ ಬಿಟ್ಟರೆ ನಾವು ಅಗಲವಾಗುವುದಿಲ್ಲ, ಮುದುಡುತ್ತೇವೆ. ಇದು ಅವನಿಗೆ ತಿಳಿದಿರಲಿಲ್ಲ. ಅವಳು ನಾಲ್ಕನೆಯದನ್ನು ಮುರಿದಳು. "ಇಳಿಸು ಚಿಕ್ಕತಾಯಿ, ಇಳಿಸು!" ಅಂತ ಹೆಂಗಸರು ಕಿರುಚಿದರು. ಕೊನೆಯ ತುತ್ತು ಎದೆಯಲ್ಲೇ ನಿಂತಿತು. ಕಕ್ಕಿದರೆ ಆಟ ಮುಗಿಯಿತು. ಒಳಗಿದ್ದದ್ದೆಲ್ಲ ಮೇಲಕ್ಕೆ ನುಗ್ಗಿತು. ಕೆಳಗಿನ ಬಾಗಿಲು ಸಡಿಲಿಸಿ ಕರುಳಿಗೆ ಒಂದಿಷ್ಟು ನೂಕಿದೆ, ಮೇಲಿನ ಬಾಗಿಲು ತೆರೆದೆ.

ಇಳಿಯಿತು!

ಅದನ್ನು ಕಂಡ ಬೋರಲಿಂಗ ಉಳಿದ ಅರ್ಧವನ್ನು ಒಟ್ಟಿಗೇ ಬಾಯಿಗೆ ತುರುಕಿಕೊಂಡು, ಡೇರಿ ಗೋಡೆಯ ಬುಡಕ್ಕೆ ಓಡಿ ಎಲ್ಲವನ್ನೂ ಕಕ್ಕಿದ.

ಟಗರು ಪಕ್ಕದೂರಿನವನೊಬ್ಬನಿಗೆ ಹೋಯಿತು. ಅವನು ಒಂಬತ್ತು ಉಂಡಿದ್ದ. ಅವಳು ಟಗರಿನ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ಮಧ್ಯಾಹ್ನ ಹೊಗೆಯಾಡುವ ಮೊದಲ ಮುದ್ದೆಯನ್ನು ತನ್ನ ತಟ್ಟೆಗೆ ಇಟ್ಟುಕೊಂಡಳು. ಅತ್ತೆ ಕೆಮ್ಮಿದರು. ಬೋರಲಿಂಗ ತಲೆ ತಗ್ಗಿಸಿ, "ಹಾಕ್ಕೊ ಅತ್ತಿಗೆ, ಮಾತು ಕೊಟ್ಟಾಗದೆ" ಅಂದ.

ಈಗ ಅವಳಿಗೆ ಎಪ್ಪತ್ತು. ನನ್ನ ಗೋಡೆ ಸವೆದಿದೆ, ಹುಳಿತೇಗು ಬರುತ್ತದೆ, ಅರ್ಧ ಮುದ್ದೆಗೇ ತುಂಬುತ್ತೇನೆ. ತಟ್ಟೆ ಮಾತ್ರ ಇನ್ನೂ ಅವಳದೇ ಮೊದಲು. ಇವತ್ತೂ ಅವಳು "ಸಾಕು" ಅನ್ನುತ್ತಾಳೆ. ಈಗ ನನಗೆ ನಿಜವಾಗಿ ಸಾಕಾಗಿರುತ್ತದೆ.