ಟೀಚರ್ ಒರೆಸಿದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ತಾನಾಗಿಯೇ ಕೆಟ್ಟಿತು ಎಂದು ಒಗ್ನೆನ್ ಹೆಂಡತಿಗೆ ಹೇಳಿದ್ದ. ನಿಜವೆಂದರೆ, ಅವಳು ಊರಲ್ಲಿಲ್ಲದ ಸಂಜೆ ಫುಟ್‌ಬಾಲ್ ನೋಡುತ್ತಾ ಕೂತವನ ಕೈಯಿಂದ ರಾಕಿಯಾ ಲೋಟ ಮಗುಚಿ, ಮದ್ಯವೆಲ್ಲ ಕೀಲಿಮಣೆಯ ಮೇಲೆ ಹರಿದಿತ್ತು. ಇನ್ನೊಮ್ಮೆ ಕುಡಿದರೆ ಮಗಳನ್ನು ಕರೆದುಕೊಂಡು ಹೊರಟೆ ಎಂದು ದುನ್ಯಾ ಈಸ್ಟರ್ ಹಬ್ಬದಲ್ಲೇ ಖಡಾಖಂಡಿತವಾಗಿ ಹೇಳಿದ್ದಳು. ಆಡಿದ್ದನ್ನು ಮಾಡುವ ಹೆಂಗಸು. ಅವಳು ಅನುವಾದಿಸಿದ ಇಡೀ ಕಾದಂಬರಿ ಆ ಲ್ಯಾಪ್‌ಟಾಪಿನೊಳಗಿತ್ತು, ಬೇರೆಲ್ಲೂ ನಕಲಿರಲಿಲ್ಲ.

ಅವರ ಊರು ವಾಲ್ಯೆವೊದಲ್ಲಿ ರಿಪೇರಿ ಎಂದರೆ ತಿಹೊಮಿರ್‌ನ ಅಂಗಡಿ. ಗಂಡ ಹೆಂಡತಿ ಹೊರಟಾಗ ಒಗ್ನೆನ್‌ನ ತಾಯಿ ದೆಸಾಂಕಾ ತಾನೂ ಬರುತ್ತೇನೆಂದು ಹೊರಟಳು. ಅರ್ಧ ಊರಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ತಿಹೊಮಿರ್ ಅವಳ ಶಿಷ್ಯ. ಕಂಡದ್ದೇ ತಡ, ಸಿಗರೇಟು ಆರಿಸಿ ಎದ್ದು ನಿಂತ. ಟೀಚರ್‌ಗೆ ಕುರ್ಚಿ, ಟೀಚರ್‌ಗೆ ಕಾಫಿ.

ಕೀಲಿಮಣೆ ಬಿಚ್ಚಿದಾಗ ಅವನ ಮೂಗು ಅರಳಿತು. ಡಿಸ್ಕ್ ತೆಗೆದು ತನ್ನ ಕಂಪ್ಯೂಟರಿಗೆ ಜೋಡಿಸಿದ. ಅಧ್ಯಾಯಗಳು ಒಂದೊಂದಾಗಿ ಮೂಡಿದವು. ದುನ್ಯಾ ಅತ್ತೇಬಿಟ್ಟಳು. ಒಗ್ನೆನ್ ತಾನು ಪಾರಾದೆ ಅಂದುಕೊಂಡ.

"ಫೈಲೆಲ್ಲಾ ಸಿಕ್ತು, ಲ್ಯಾಪ್‌ಟಾಪ್ ಮಾತ್ರ ಹೋಯ್ತು," ಎಂದ ತಿಹೊಮಿರ್. "ಇದಕ್ಕೆ ರಾಕಿಯಾ ಕುಡಿಸಿದ್ಯಾರು?"

ದುನ್ಯಾ ಗಂಡನ ಕಡೆ ತಿರುಗಿದಳು.

"ನಾನೇ," ಎಂದಳು ದೆಸಾಂಕಾ. "ಧೂಳು ಕೂತಿತ್ತು. ಕಿಟಕಿ, ಕನ್ನಡಿ ಎಲ್ಲಾ ರಾಕಿಯಾದಲ್ಲೇ ಒರೆಸ್ತೀನಲ್ಲ, ಇದನ್ನೂ ಒರೆಸ್ದೆ. ಬಟ್ಟೆ ಸ್ವಲ್ಪ ಜಾಸ್ತಿನೇ ನೆಂದಿತ್ತು."

ಆ ಊರಿನಲ್ಲಿ ಅದೇನೂ ನಂಬಲಾಗದ ಮಾತಲ್ಲ. ಜ್ವರ ಬಂದರೆ ಎದೆಗೆ ಹಚ್ಚುವುದೂ ಅದನ್ನೇ, ಹಲ್ಲುನೋವಿಗೂ ಅದೇ. ದುನ್ಯಾ ಕಣ್ಣೊರೆಸಿಕೊಂಡು ನಕ್ಕಳು, ಅತ್ತೆಯ ಕೈಗೆ ಇನ್ನು ಬಟ್ಟೆ ಕೊಡುವುದಿಲ್ಲ ಎಂದು ಛೇಡಿಸಿದಳು. ರಾಕಿಯಾ ಚೆಲ್ಲಿದ್ದ ಆ ಸಂಜೆಯ ಮೇಜಿನ ಬಟ್ಟೆಯನ್ನು ಮಾರನೆಯ ದಿನ ಒಗೆದು ಹಾಕಿದವಳು ತಾಯಿಯೇ ಎಂಬುದು ಒಗ್ನೆನ್‌ಗೆ ಈಗ ಹೊಳೆಯಿತು. ಒಂದು ಮಾತೂ ಕೇಳಿರಲಿಲ್ಲ ಅವಳು.

ತಿಹೊಮಿರ್ ನಗಲಿಲ್ಲ. ಟೀಚರನ್ನು ಕಾಲಿನಿಂದ ತಲೆಯವರೆಗೆ ನೋಡಿದ. ವಯಸ್ಸಾಗಿ ಬುದ್ಧಿ ಮಂಕಾದವರನ್ನು ನೋಡುವ ಹಾಗೆ. ಆಮೇಲೆ ಅವಳ ಮುಂದೆ ಬಗ್ಗಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದ: "ಅಜ್ಜೀ, ಇದು ಕರೆಂಟಿನ ವಸ್ತು. ಒದ್ದೆ ಬಟ್ಟೆ ತಾಗಿಸ್ಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತಪ್ಪ," ಎಂದಳು ರಸಾಯನಶಾಸ್ತ್ರದ ಟೀಚರ್.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಒಗ್ನೆನ್‌ಗೆ. ಆದರೂ ಅವನು ಬಾಯಿ ಬಿಡಲಿಲ್ಲ. ತಾಯಿಗೆ ಕೋಟು ತೊಡಿಸಲು ಹೋದ. ಅವಳು ತಾನೇ ತೊಟ್ಟುಕೊಂಡಳು.