ಜೊತೆಗೆ ಬಂದವರು

ನನ್ನ ತಮ್ಮ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆ ಬೆಳಿಗ್ಗೆ ಅನಾಥ ಮಕ್ಕಳ ನಿಲಯದ ಗುಮಾಸ್ತರು ಫೋನ್ ಮಾಡಿ, "ಮೇಡಂ, ಒಂದು ಚಿಕ್ಕ ಕೆಲಸ ಇತ್ತು" ಎಂದ ಕೂಡಲೇ ಅದು ಮೂಗಿನಿಂದ ನೆತ್ತಿಗೇರಿತು. ಅವರ ಚಿಕ್ಕ ಕೆಲಸಗಳ ಮಹಿಮೆ ನನಗೆ ಗೊತ್ತಿಲ್ಲವೇ? ಹೋದ ಸಲ ಅಕ್ಷರ ಸ್ವಲ್ಪ ದಪ್ಪ ಮಾಡಿಕೊಡಿ ಎಂದವರು ನನ್ನ ಮೂರು ದಿನ ನುಂಗಿ ನೀರು ಕುಡಿದಿದ್ದರು.

ನಿಲಯದ ಮಕ್ಕಳ ದಾಖಲೆಗಳನ್ನು ನೋಡುವ, ತಿದ್ದುವ ಅಡ್ಮಿನ್ ಪುಟಗಳನ್ನು ಆರು ವರ್ಷದ ಹಿಂದೆ ಮಾಡಿಕೊಟ್ಟವಳು ನಾನೇ. ಅಲ್ಲಿ ಬೆಳೆದು ಹೋದವರು, ಅವರ ಸಂಬಂಧಿಕರು ಆಗಾಗ ವಿಚಾರಿಸಿಕೊಂಡು ಬರುತ್ತಾರೆ. ಹಾಗೆ ಬಂದವರ ವಿವರ ಬೇರೆಯೇ ಒಂದು ಪಟ್ಟಿಯಲ್ಲಿ ಸೇರುತ್ತಿತ್ತು. ಅದು ಆಯಾ ಮಗುವಿನ ಪುಟದ ಕೆಳಗೇ ಕಾಣುವಂತೆ ಮಾಡಿಕೊಡಿ ಎನ್ನುವುದು ಅವತ್ತಿನ ಬೇಡಿಕೆ. ನ್ಯಾಯವಾದದ್ದೇ. ಗೊಣಗುತ್ತಲೇ ಹೋದೆ.

ಕಚೇರಿ ಎಂದರೆ ಒಂದು ಕಿಟಕಿ, ಎರಡು ಕಬ್ಬಿಣದ ಬೀರು, ಕಾಲಿನ ಕೆಳಗೆ ಮಡಿಸಿದ ರಟ್ಟು ಕೊಟ್ಟು ನಿಲ್ಲಿಸಿದ ಮೇಜು. ಗೋಡೆಯಾಚೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬಾಗಿಲ ಪಕ್ಕದ ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಜೋತುಬಿದ್ದಿತ್ತು. ಅಂಗಡಿಯಿಂದ ನೇರ ಎದ್ದು ಬಂದ ದರ್ಜಿ ಎಂದು ಯಾರಾದರೂ ಹೇಳಬಹುದಿತ್ತು.

"ಇದು ನಾಲ್ಕನೇ ಸಲ ಬರ್ತಿರೋದು," ಗುಮಾಸ್ತರು ನನಗೆ ಮಾತ್ರ ಕೇಳಿಸುವಂತೆ ಹೇಳಿದರು. "ಇಲ್ಲದ ತಮ್ಮನ್ನ ಹುಡುಕಿಕೊಡಿ ಅಂದ್ರೆ ನಾನೆಲ್ಲಿಂದ ತರಲಿ?"

ನನಗೆ ಮಾತ್ರ ಕೇಳಿಸುವಂತೆ ಎಂದು ಅವರು ಅಂದುಕೊಂಡಿದ್ದರು ಅಷ್ಟೆ. ಆಕೆ ತಲೆಯೆತ್ತಿದರು. "ಇದ್ದ ಕಣಣ್ಣ. ನನಗೆ ಐದು ವರ್ಷ, ಅವನಿಗೆ ಎರಡು. ಗುಂಡ ಅಂತಿದ್ದೆ. ಸೊಂಟದ ಮೇಲೆ ಹೊತ್ಕೊಂಡೇ ಈ ಬಾಗಿಲು ದಾಟಿದ್ದು. ಅವನ ಭಾರ ಇನ್ನೂ ಇಲ್ಲೇ ಇದೆ," ಎಂದು ಸೊಂಟ ಮುಟ್ಟಿಕೊಂಡರು. "ಒಂದಿನ ಎದ್ದಾಗ ಪಕ್ಕದಲ್ಲಿ ಇರಲಿಲ್ಲ. ಅತ್ತು ರಂಪ ಮಾಡಿದೆ. ಇಲ್ಲಿದ್ದ ಆಯಾ, ನೀನು ಒಬ್ಬಳೇ ಬಂದಿದ್ದು, ತಮ್ಮಗಿಮ್ಮ ಯಾರೂ ಇಲ್ಲ ಅಂದ್ಲು. ದೊಡ್ಡೋಳಾದೆ, ಮದುವೆ ಆಯ್ತು. ನಮ್ಮೆಜಮಾನ್ರು ಸಾಯೋವರೆಗೂ ಆಡ್ಕೊಂಡ್ರು. ಬಾಗಿಲ ಕಡೆ ಕೈ ತೋರಿಸಿ, ನೋಡೇ, ನಿನ್ನ ತಮ್ಮ ಬಂದಿದಾನೆ ಅಂತ ನಗೋರು. ಈಗ ಮಗಳು ಹೇಳಿದಾಳೆ. ಅಮ್ಮಾ, ಹೋಗಿ ಕೇಳು, ಇಲ್ಲ ಅಂದ್ರೆ ಅಲ್ಲಿಗೆ ಬಿಟ್ಬಿಡು ಅಂತ. ಇಲ್ಲ ಅಂತಾರೆ. ಬಿಡೋಕಾಗ್ತಿಲ್ಲ. ಅವನು ನಿಜವಾಗ್ಲೂ ಇದ್ನಾ, ಇಲ್ಲ ನನ್ನ ತಲೆ ಕೆಟ್ಟಿದೆಯಾ, ಅದೊಂದು ಗೊತ್ತಾಗಬೇಕು ನಂಗೆ."

"ನೋಡಿ, ನೀವೇ ನೋಡಿ," ಎಂದು ಗುಮಾಸ್ತರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆಕೆಯ ದಾಖಲೆಯ ಪುಟ. ಕೆಳಗೆ ಒಂದು ಚೌಕ, ಅದರ ತಲೆಬರಹ: ಜೊತೆಗೆ ಬಂದವರು. ಅದರೊಳಗೆ: ಯಾರೂ ಇಲ್ಲ.

ಆ ಎರಡು ಪದ ಬರೆದವಳು ನಾನೇ.

ಆ ಚೌಕದ ಕಥೆ ಹೇಳಬೇಕು. ನಿಲಯವನ್ನು ಮೊದಲು ನಡೆಸಿದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರಂತೆ. ಆಕೆ ರಿಜಿಸ್ಟರಿನಲ್ಲಿ ಮಗುವಿಗೊಂದು ಪುಟ ಇಡಲಿಲ್ಲ, ಬಂದ ಗಳಿಗೆಗೊಂದು ಪುಟ ಇಟ್ಟರು. ಒಟ್ಟಿಗೆ ಬಾಗಿಲು ದಾಟಿದ ಮಕ್ಕಳೆಲ್ಲ ಒಂದೇ ಪುಟದಲ್ಲಿ. ಆಮೇಲೆ ಯಾರು ಎಲ್ಲಿಗೇ ಹೋಗಲಿ, ಪುಟ ಮಾತ್ರ ಹರಿಯಕೂಡದು. ಕಂಪ್ಯೂಟರಿಗೆ ತರುವಾಗ ನಾನೂ ಆ ಪದ್ಧತಿಯನ್ನೇ ಉಳಿಸಿಕೊಂಡೆ. ಯಾವ ಮಗುವಿನ ಪುಟ ತೆರೆದರೂ ಜೊತೆಗೆ ಬಂದವರು ಕೆಳಗೆ ಕಾಣುತ್ತಿದ್ದರು. ಡೇಟಾಬೇಸಿಗೆ ಏರಿಸಿದ ಮೇಲೆ ಹಳೆಯ ರಿಜಿಸ್ಟರುಗಳನ್ನು ದೂರದ ಯಾವುದೋ ಗೋದಾಮಿಗೆ ಸಾಗಿಸಿಬಿಟ್ಟರು.

ಮೂರು ವರ್ಷದ ಹಿಂದೆ ಇದೇ ಗುಮಾಸ್ತರು ತಕರಾರು ತೆಗೆದರು. ಹಿಂದೊಮ್ಮೆ ಬೆಂಕಿ ಅನಾಹುತವಾದಾಗ ಒಂದೇ ದಿನ ಮೂವತ್ತೊಂದು ಮಕ್ಕಳು ಬಂದಿದ್ದವು. ಅವುಗಳಲ್ಲಿ ಯಾವ ಮಗುವಿನ ಪುಟ ತೆಗೆದರೂ ಮೂವತ್ತು ಸಾಲು. ಅವರಲ್ಲಿ ಈಗ ನಿಲಯದಲ್ಲಿ ಉಳಿದಿರುವವರು ಇಬ್ಬರೇ, ಮಿಕ್ಕವರದ್ದು ಯಾಕೆ, ಪುಟ ಇಳಿಸಿ ಇಳಿಸಿ ಬೆರಳು ನೋಯುತ್ತದೆ ಎಂದರು. ನಾನು ಸಿಡಿಮಿಡಿಗುಟ್ಟುತ್ತ ಫೋನಿನಲ್ಲಿ ಮಾತಾಡುತ್ತಲೇ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದೆ. ಕಡತ ಮುಚ್ಚಿದ ಮಕ್ಕಳನ್ನು ಆ ಚೌಕದಲ್ಲಿ ತೋರಿಸಬೇಡ, ಅಷ್ಟೇ. ದತ್ತು ಹೋದವರ ಕಡತ ಮುಚ್ಚಿರುತ್ತದೆ. ಬೆಳೆದು ಹೊರಬಿದ್ದವರದ್ದೂ ಮುಚ್ಚಿರುತ್ತದೆ. ತೋರಿಸುವುದಕ್ಕೆ ಏನೂ ಉಳಿಯದಿದ್ದರೆ ಪುಟ ತಾನಾಗಿ ಯಾರೂ ಇಲ್ಲ ಎನ್ನುತ್ತಿತ್ತು. ಅದನ್ನು "ಈಗ ನಿಲಯದಲ್ಲಿ ಯಾರೂ ಇಲ್ಲ" ಎಂದು ತಿದ್ದಬೇಕಿತ್ತು. ತಿದ್ದಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷವನ್ನೂ ನೋಡಿರಲಿಲ್ಲ, ಪ್ರಮಾಣವನ್ನೂ ನೋಡಿರಲಿಲ್ಲ.

ಲ್ಯಾಪ್‌ಟಾಪ್ ತೆರೆದೆ. ಆ ಸಾಲು ಇಟ್ಟ ಜಾಗದಲ್ಲೇ ಕೂತಿತ್ತು. ಅಳಿಸಿದೆ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. "ಏನೋ ಸಣ್ಣ ತೊಂದರೆ ಇತ್ತು, ಸರಿ ಮಾಡಿದ್ದೀನಿ. ಪುಟ ಇನ್ನೊಂದ್ಸಲ ತೆಗೀರಿ," ಎಂದೆ ಗುಮಾಸ್ತರಿಗೆ. ಊರಿಗೆಲ್ಲ ಬಯ್ಯುವ ನನ್ನ ನಾಲಿಗೆ ಆಗ ಎಷ್ಟು ಮೆತ್ತಗಾಗಿತ್ತು!

ಚೌಕದಲ್ಲಿ ಒಂದು ಸಾಲು ಬಂದಿತ್ತು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಓದಿದರು. "ಗಂಡು ಮಗು. ವಯಸ್ಸು ಎರಡು. ಸಂಬಂಧ, ತಮ್ಮ. ಬಂದ ಏಳನೇ ತಿಂಗಳಲ್ಲಿ ದತ್ತು..."

"ತಮ್ಮ ಅಂತಾನೇ ಇದೆಯಾ?" ದರ್ಜಿ ಎದ್ದು ಬಂದಿದ್ದರು. "ಇನ್ನೊಂದ್ಸಲ ಓದಿ."

ಓದಿದರು. ಆಕೆ ಮತ್ತೊಂದು ಸಲ ಓದಿಸಿದರು. ಆಮೇಲೆ ತಾವೇ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದರು. ನಗುತ್ತಿದ್ದರು, ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು. "ಇದ್ದ. ನೋಡಿದ್ರಾ? ಇದ್ದ! ನಾನು ಹುಚ್ಚಿ ಅಲ್ಲ. ನಲವತ್ತೈದು ವರ್ಷ, ಅಯ್ಯೋ ದೇವ್ರೇ, ನಲವತ್ತೈದು ವರ್ಷ ನನ್ನ ಬಾಯಿ ಮುಚ್ಚಿಸಿದ್ರಲ್ಲ!" ಎಂದು ಗುಮಾಸ್ತರ ಕಡೆ ತಿರುಗಿದರು. "ನೀವೂ ನಾಲ್ಕು ಸಲ ಇಲ್ಲ ಅಂದ್ರಲ್ಲಣ್ಣ."

"ಕಂಪ್ಯೂಟರ್‌ನಲ್ಲಿ ಇರ್ಲಿಲ್ಲಮ್ಮ," ಎಂದ ಗುಮಾಸ್ತರು ನನ್ನ ಮುಖ ನೋಡಿದರು. ನಾನು ಕೀಲಿಮಣೆ ನೋಡಿದೆ.

ಇನ್ನು ಆತ ಎಲ್ಲಿದ್ದಾನೆ ಎನ್ನುವುದು. ದತ್ತು ಪಡೆದವರ ವಿಳಾಸ ಹಳೆಯದು. ಆದರೆ ವಿಚಾರಿಸಿಕೊಂಡು ಬಂದವರ ಪಟ್ಟಿಯಲ್ಲಿ ಏನಾದರೂ ಇರಬಹುದು, ಅದನ್ನು ಜೋಡಿಸುವುದೇ ನಾನು ಬಂದ ಕೆಲಸವಲ್ಲವೇ? ತಪ್ಪು ಮಾಡಿದ ಕೈಗೆ ಕೆಲಸ ಸಿಕ್ಕಿದರೆ ಎಷ್ಟು ಚುರುಕು ಬರುತ್ತದೆ! ಆಕೆಗೆ ಗುಮಾಸ್ತರು ತರಿಸಿಕೊಟ್ಟ ಚಹಾ ಆರುವುದರೊಳಗೆ ಮುಗಿಸಿದೆ. ತಮ್ಮನ ಪುಟ ತೆರೆದೆ. ಕೆಳಗೆ ಹೊಸ ಚೌಕ. ಅದರಲ್ಲಿಯೂ ಒಂದು ಸಾಲು.

ಎರಡು ವರ್ಷದ ಹಿಂದಿನ ತಾರೀಖು. ಗಟ್ಟಿಯಾಗಿ ಓದಿದೆ. "ಸ್ವತಃ ಬಂದು, ತನ್ನ ಜೊತೆ ಅಕ್ಕ ಬಂದಿದ್ದಳೇ ಎಂದು ವಿಚಾರಿಸಿದರು. ದಾಖಲೆ ಪರಿಶೀಲಿಸಲಾಯಿತು. ಯಾರೂ ಇಲ್ಲ ಎಂದು ತಿಳಿಸಲಾಯಿತು." ಒಂದು ಫೋನ್ ನಂಬರು. ಕೆಳಗೆ ಗುಮಾಸ್ತರ ಹೆಸರು.

ಗುಮಾಸ್ತರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನಾನೇ ಹೇಳಿ ಕಳಿಸಿದ್ದು," ಎಂದರು, ಯಾರಿಗೋ ಎನ್ನುವಂತೆ.

ದರ್ಜಿಯ ಕಿವಿಗೆ ಅದು ಬೀಳಲಿಲ್ಲ. "ಅವನೂ ಬಂದಿದ್ನಾ? ನನ್ನ ಕೇಳ್ಕೊಂಡು? ನಂಬರ್ ಇದೆಯಲ್ಲ, ಹಚ್ಚಿ ಅಮ್ಮಾ."

ಮೇಜಿನ ಮೇಲಿನ ಫೋನಿನಿಂದ ಹಚ್ಚಿದೆ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ. ಹೆಂಗಸೊಬ್ಬರು ಎತ್ತಿದರು. ಮಕ್ಕಳ ನಿಲಯದಿಂದ ಎಂದೆ, ಆತನ ಹೆಸರು ಹೇಳಿ ಇದ್ದಾರಾ ಎಂದು ಕೇಳಿದೆ.

"ನಾನು ಅವರ ಹೆಂಡ್ತಿ. ಅವರು ತೀರ್ಕೊಂಡು ಹನ್ನೊಂದು ತಿಂಗಳಾಯ್ತು. ಏನು ವಿಷಯ?"

ಸ್ಪೀಕರ್ ಒತ್ತಿದ ನನ್ನ ಬುದ್ಧಿಗಿಷ್ಟು! ದರ್ಜಿ ಮೇಜಿನ ಅಂಚು ಹಿಡಿದು ನಿಂತಿದ್ದರು. ಬೀಳುತ್ತಾರೇನೋ ಎಂದು ಗುಮಾಸ್ತರು ಕುರ್ಚಿ ಸರಿಸಿದರು. ಆಕೆ ಕೂರಲಿಲ್ಲ, ಫೋನಿನ ಹತ್ತಿರಕ್ಕೆ ಬಗ್ಗಿದರು.

"ಅಮ್ಮಾ, ಅವರು ಇಲ್ಲಿಗೆ ಬಂದಿದ್ರಂತಲ್ಲ, ಅಕ್ಕನ್ನ ಕೇಳ್ಕೊಂಡು?"

"ಹೌದು. ನಮ್ಮತ್ತೆ ಸಾಯೋ ಮುಂಚೆ ಇವರಿಗೆ ಹೇಳಿದ್ರು. ನಿನ್ನ ಎತ್ಕೊಂಡು ಬರೋವಾಗ ಒಂದು ಹುಡುಗಿ ನಿನ್ನ ಅಂಗಿ ಹಿಡ್ಕೊಂಡು ಮಲಗಿತ್ತು ಕಣೋ, ಬೆರಳು ಬಿಡಿಸಿ ಎತ್ಕೊಂಡೆವು, ನಿಮ್ಮಕ್ಕನೇ ಇರ್ಬೇಕು ಅಂತ. ಇವರು ಹೋಗಿ ಕೇಳಿದ್ರು. ಯಾರೂ ಇಲ್ಲ ಅಂದ್ರಂತೆ. ವಾಪಸ್ ಬಂದು, ಅಮ್ಮನಿಗೆ ಕೊನೆಗಾಲದಲ್ಲಿ ಬುದ್ಧಿ ಭ್ರಮಣೆ ಆಗಿತ್ತು ಬಿಡು ಅಂದ್ರು. ಆಮೇಲೆ ಆ ಮಾತೇ ಎತ್ತಲಿಲ್ಲ. ನೀವು ಯಾರು?"

"ಭ್ರಮಣೆ ಅಲ್ಲಮ್ಮ," ಎಂದರು ದರ್ಜಿ. "ನಾನೇ ಆ ಹುಡುಗಿ."

ಮುಂದೆ ಅವರಿಬ್ಬರೂ ಏನೇನು ಮಾತಾಡಿದರೋ, ನಾನು ಸ್ಪೀಕರ್ ಆರಿಸಿ ಫೋನು ಆಕೆಯ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ. ಮಾತು ಮುಗಿಸಿ ಆಕೆ ಬೆಂಚಿಗೆ ಬಂದು ಕೂತಾಗ ಗುಮಾಸ್ತರು ಕೈಮುಗಿದುಕೊಂಡು ನಿಂತಿದ್ದರು. "ನನ್ನ ತಪ್ಪಮ್ಮ. ನಾನೇ ಹೇಳಿದ್ದು, ನಾನೇ ರುಜು ಹಾಕಿದ್ದು. ಕ್ಷಮಿಸಿಬಿಡಿ."

ಇನ್ನೊಬ್ಬರ ಬೆನ್ನ ಹಿಂದೆ ಅವಿತುಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುತ್ತಿರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯನ ಮುಗಿದ ಕೈ ನೋಡಲಾಗಲಿಲ್ಲ.

"ಅವರದಲ್ಲ ಅಕ್ಕಾ," ಎಂದೆ. "ದಾಖಲೆ ಇತ್ತು. ಮೊದಲಿನಿಂದಲೂ ಇತ್ತು. ಕಾಣದ ಹಾಗೆ ಮಾಡಿದ್ದು ನಾನು. ಮೂರು ವರ್ಷದ ಹಿಂದೆ."

ಆಕೆ ನನ್ನನ್ನು ದಿಟ್ಟಿಸಿದರು. "ಯಾಕೆ?"

"ಪುಟ ಉದ್ದ ಆಗುತ್ತೆ ಅಂತ."

"ಪುಟ ಉದ್ದ ಆಗುತ್ತೆ ಅಂತ," ಎಂದರು ಆಕೆ. ಕೂಗಲಿಲ್ಲ, ಶಪಿಸಲಿಲ್ಲ. ನಾಲ್ಕು ಬಯ್ದಿದ್ದರೆ ಚೆನ್ನಾಗಿತ್ತು, ಬಯ್ಗುಳ ತಿಂದು ಜೀರ್ಣಿಸಿಕೊಳ್ಳುವುದು ನನಗೆ ಗೊತ್ತು. ಗೋಡೆಯಾಚೆ ಮಗ್ಗಿ ಮುಗಿದು ಮಕ್ಕಳು ಆಟಕ್ಕೆ ಓಡುವ ಸದ್ದಾಯಿತು.

"ಹಿಂಗೆ ಇನ್ನೆಷ್ಟು ಜನಕ್ಕೆ ಯಾರೂ ಇಲ್ಲ ಅಂದಿದ್ದೀರಿ?"

ಆ ಪ್ರಶ್ನೆ ನನಗೇ ಹೊಳೆಯಬೇಕಿತ್ತು. ಹುಡುಕಿದೆ. ಈ ಅಕ್ಕ ತಮ್ಮನನ್ನು ಬಿಟ್ಟು ಮೂರು ವರ್ಷದಲ್ಲಿ ಯಾರೂ ಇಲ್ಲ ಎಂಬ ಉತ್ತರ ತೆಗೆದುಕೊಂಡು ಹೋದವರು ಇಪ್ಪತ್ತಾರು ಮಂದಿ. ಒಬ್ಬೊಬ್ಬರ ಪುಟವನ್ನೂ ತೆಗೆದು ನೋಡಿದೆ. ಹದಿನಾಲ್ಕು ಪುಟಗಳಲ್ಲಿ ಚೌಕ ಈಗ ಖಾಲಿ ಇರಲಿಲ್ಲ.

"ಹದಿನಾಲ್ಕು," ಎಂದೆ.

"ಎಲ್ಲರ ನಂಬರೂ ಇದೆಯಾ?"

"ಇದೆ."

"ಮತ್ತೆ ನನ್ನ ಮುಖ ಏನು ನೋಡ್ತೀರಿ? ಹಚ್ಚಿ."

"ಮೇಲಿನವರನ್ನ ಒಂದು ಮಾತು ಕೇಳ್ಬೇಕಾಗುತ್ತೆ," ಎಂದು ಗುಮಾಸ್ತರು ತೊದಲಿದರು.

"ನನ್ನ ತಮ್ಮನಿಗೆ ಇಲ್ಲ ಅನ್ನೋವಾಗ ಯಾರನ್ನ ಕೇಳಿದ್ರಿ?" ಎಂದರು ಆಕೆ. ಗುಮಾಸ್ತರು ಫೋನನ್ನು ತಾವೇ ನನ್ನ ಕಡೆ ತಳ್ಳಿದರು.

ಮೊದಲನೆಯ ನಂಬರು ಹಚ್ಚಿದೆ. ವಯಸ್ಸಾದ ಗಂಡಸಿನ ದನಿ, ಯಾರು ಎಂದಿತು. ಮಕ್ಕಳ ನಿಲಯದಿಂದ ಎಂದೆ. ಇಷ್ಟು ದಿನ ಎಲ್ಲರ ಮೇಲೂ ಹರಿಹಾಯ್ದ ಬಾಯಿ, ಒಂದೇ ಒಂದು ಮಾತಿಗೆ ಮುಷ್ಕರ ಹೂಡಿತು. ಹಲೋ, ಹಲೋ ಎನ್ನುತ್ತಿದ್ದರು ಆತ.

ದರ್ಜಿ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಪರದೆಯ ಮೇಲಿದ್ದ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೂಡಿಸಿ ಓದಿಕೊಂಡರು.

"ಅಣ್ಣಾ, ಫೋನ್ ಇಡಬೇಡಿ," ಎಂದರು. "ನೀವು ಒಬ್ಬಳು ತಂಗೀನ ಕೇಳ್ಕೊಂಡು ಬಂದಿದ್ರಲ್ಲ? ಇಲ್ಲಿ ಇಲ್ಲ ಅಂದ್ರಲ್ಲ? ಅದು ಸುಳ್ಳು. ನಿಮಗೆ ನೆನಪಿರೋದೇ ನಿಜ, ನಿಮ್ಮ ತಲೆ ನೆಟ್ಟಗೇ ಇದೆ. ಒಂದು ಪೆನ್ನು ತಗೊಳ್ಳಿ. ಅವಳ ಹೆಸರು ಹೇಳ್ತೀನಿ, ಬರ್ಕೊಳ್ಳಿ."